ಖಾಲಿ ನಿಲ್ಲದ ಜೀಪು

ಇವತ್ತು ಬೆಳಿಗ್ಗೆ ಅಂಗಡಿಯ ಕಸ ಹೊಡೆದು ಊದುಬತ್ತಿ ಹಚ್ಚುವಷ್ಟರಲ್ಲೇ ಕಾಲೇಜಿನ ಹುಡುಗಿಯೊಬ್ಬಳು ಬಂದು ಉಗುರುಬಣ್ಣದ ಶೀಶೆಯ ಮುಚ್ಚಳ ತಿರುಗಿಸಿದಳು. ಊದುಬತ್ತಿ ಸೋತಿತು. ಆ ವಾಸನೆ ನಿಮಗೂ ಗೊತ್ತಿರಬೇಕು. ಮೂಗಿಗೆ ಚುರ್ರೆಂದು ತಾಗಿ ಕಣ್ಣಿನವರೆಗೂ ಏರುವಂಥದ್ದು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಬಳೆ, ಹಣೆಗೆ ಹಚ್ಚುವ ಟಿಕಳಿ, ರಿಬ್ಬನ್ನು ಮಾರುತ್ತ ಅರ್ಧ ಆಯುಷ್ಯ ಕಳೆದ ನನಗೆ ಅದು ಹೆಂಗಸರ ಸಿಂಗಾರದ ವಾಸನೆಯಾಗಿ ಉಳಿದಿಲ್ಲ. ನನಗೆ ಅದು ಜೀಪಿನ ವಾಸನೆ. ನಗಬೇಡಿ, ಹೇಳುತ್ತೇನೆ. ಹೇಗೂ ತಿಕೋಟಾದ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅದರಲ್ಲಿ ನನ್ನ ಅಕ್ಕ ಬರುವವಳಿದ್ದಳು. ಏನು ಕೆಲಸ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, ಬಂದ ಮೇಲೆ ಹೇಳುತ್ತೇನೆ ಅಂದಿದ್ದಳು.

ಮೊದಲು ಮೆಹಬೂಬನ ವಿಷಯ. ಅವನು ತಿಕೋಟಾದಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಗುಮಾಸ್ತ. ಮನೆ ಇಲ್ಲೇ, ಊರಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಬಂದು ಉಗುರುಬಣ್ಣ ಕೇಳಿದ. ಗಂಡಸರು ಉಗುರುಬಣ್ಣ ಕೊಳ್ಳುವ ರೀತಿ ನನಗೆ ಗೊತ್ತು. ಕಣ್ಣು ಬೇರೆ ಕಡೆ ಇಟ್ಟು, ಕೈಗೆ ಸಿಕ್ಕ ಕೆಂಪು ಎತ್ತಿಕೊಂಡು ಓಡುತ್ತಾರೆ. ಇವನು ಒಂದೊಂದೇ ಶೀಶೆಯನ್ನು ಬಿಸಿಲಿಗೆ ಹಿಡಿದು ನೋಡಿ, ಬಿಸಿಲಿಗೆ ಕಂದಿದ ಟ್ರ್ಯಾಕ್ಟರಿನ ಬಣ್ಣ ಬೇಕಾಗಿದೆ ಅಂದ. ಇವನ ಹೆಂಡತಿಯನ್ನು ನೆನೆದು ನಾನು ಮನಸ್ಸಿನಲ್ಲೇ ಮರುಗಿದೆ. ಆಮೇಲೆ ಮಕ್ಕಳ ಆಟದ ಕಾರುಗಳಲ್ಲಿ ಗಾಲಿ ಹೋದದ್ದು, ಬಾಗಿಲು ಮುರಿದದ್ದು ಇದ್ದರೆ ಅದನ್ನೂ ಕೊಡಿ ಅಂದ.

ಮರುದಿನ ಅವನು ಒಂದು ಡಬ್ಬಿ ತಂದು ಕೌಂಟರಿನ ಮೇಲೆ ತೆರೆದ. ಒಳಗೆ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಟ್ರ್ಯಾಕ್ಟರು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಮುಂಭಾಗ ಒಂದು ಆಟಿಕೆಯದು, ಹಿಂದಿನ ಗಾಲಿ ಇನ್ನೊಂದರದು, ಔಷಧಿಯ ಟಾಕಿ ಕಣ್ಣಿಗೆ ಹಾಕುವ ಡ್ರಾಪ್ಸಿನ ಬಾಟಲಿ, ಫ್ಯಾನು ಹಳೆಯ ಕೈಗಡಿಯಾರದ ಚಕ್ರ. ಹೀಗೆ ಒಂದರ ಮುಖಕ್ಕೆ ಇನ್ನೊಂದರ ಬೆನ್ನು ಕೂಡಿಸಿ, ಅಂಗಡಿಯಲ್ಲಿ ಎಲ್ಲೂ ಸಿಗದ ಗಾಡಿ ಕಟ್ಟುವ ಹುಚ್ಚಿಗೆ ಹೊರದೇಶದವರು ಕಿಟ್‌ಬ್ಯಾಶಿಂಗ್ ಅನ್ನುತ್ತಾರಂತೆ. ನಾವಿಬ್ಬರೂ ಅದನ್ನು ಕೂಡುಗಾಡಿ ಎಂದು ಕರೆದುಕೊಂಡೆವು. ನಾವಿಬ್ಬರೂ ಅಂದೆ ನೋಡಿ. ಆ ಡಬ್ಬಿ ಮುಚ್ಚುವುದರೊಳಗೆ ನನಗೂ ಹುಚ್ಚು ಹಿಡಿದಿತ್ತು.

ಅಲ್ಲಿಂದ ನನ್ನ ಅಂಗಡಿ ನನ್ನ ಕಣ್ಣಿಗೇ ಬೇರೆಯಾಗಿ ಕಾಣತೊಡಗಿತು. ಕೆಂಪು ಟಿಕಳಿ ಅಂದರೆ ಹಿಂದಿನ ಲೈಟು. ಬಳೆ ಡಬ್ಬಿಯ ಪಾರದರ್ಶಕ ಮುಚ್ಚಳ ಮುಂದಿನ ಗಾಜು. ಉಗುರು ಉಜ್ಜುವ ಅರ ನಮ್ಮ ಅರ. ಗಿರಾಕಿ ಹೇರ್‌ಪಿನ್ನು ಕೇಳಿದರೆ ಸ್ಟೇರಿಂಗಿಗೆ ಬೇಕಲ್ಲ ಎಂದು ಕೊಡಲು ಮನಸ್ಸಾಗುತ್ತಿರಲಿಲ್ಲ. ಇದ್ದ ಸಾಮಾನೆಲ್ಲ ನೀವೇ ಬಳಸಿದರೆ ಮಾರುವುದೇನು ಎಂದು ಹೆಂಡತಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನ ಕೈಯೋ, ದೇವರಿಗೇ ಪ್ರೀತಿ. ಮೊದಲನೆಯ ಗಾಡಿಗೆ ಬಾನೆಟ್ಟು ಅಂಟಿಸುವಾಗ ಹೆಬ್ಬೆರಳನ್ನೂ ಸೇರಿಸಿ ಅಂಟಿಸಿಕೊಂಡೆ. ಕೈಯಿಂದ ಕಾರು ಬಿಡಲೊಲ್ಲದು, ಎದುರಿಗೆ ಮದುವೆಯ ಬಳೆ ಕೊಳ್ಳಲು ಕಾಖಂಡಕಿ ಊರಿನಿಂದ ಬಂದ ಹೆಂಗಸರ ದಂಡು. ಕಾರನ್ನು ಕೌಂಟರಿನ ಕೆಳಗೆ ಇಳಿಬಿಟ್ಟು ಒಂದೇ ಕೈಯಲ್ಲಿ ಅಷ್ಟೂ ವ್ಯಾಪಾರ ಮುಗಿಸಿದೆ. ಸಂಜೆ ಮೆಹಬೂಬ ಬಂದು ಉಗುರುಬಣ್ಣ ಅಳಿಸುವ ದ್ರಾವಣದಿಂದ ನನ್ನನ್ನು ಬಿಡಿಸಿದ.

ಈ ಹುಚ್ಚಿಗೆ ಒಂದು ಗುರಿ ಸಿಕ್ಕಿದ್ದು ಅಕ್ಕನಿಂದ. ನಾವು ಮೂಲತಃ ಬಬಲೇಶ್ವರದವರು. ಅಕ್ಕನನ್ನು ಕೊಟ್ಟದ್ದು ತಿಕೋಟಾಕ್ಕೆ. ಅವಳ ಗಂಡ, ಅಂದರೆ ನಮ್ಮ ಮಾವ, ತಿಕೋಟಾದಿಂದ ತೊರವಿ ಹಾಯ್ದು ಈ ಊರಿಗೆ ಬಾಡಿಗೆಯ ಜೀಪು ಹೊಡೆಯುತ್ತಿದ್ದ. ಆ ಜೀಪಿನಲ್ಲಿ ಎಷ್ಟು ಜನ ಹಿಡಿಯುತ್ತಾರೆಂದು ಯಾರಿಗೂ ತಿಳಿದಿರಲಿಲ್ಲ, ಯಾಕೆಂದರೆ ಸಾಕು ಎಂದು ಮಾವ ಯಾವತ್ತೂ ಅಂದಿರಲಿಲ್ಲ. ತನ್ನ ಸೀಟಿನಲ್ಲೂ ಒಬ್ಬರನ್ನು ಕೂಡಿಸಿಕೊಂಡು, ಅರ್ಧ ಮೈ ಹೊರಗೆ ಹಾಕಿ, ಕತ್ತು ಹಿಂದಕ್ಕೆ ತಿರುಗಿಸಿ, "ಜರಾ ಸರೀರಿ, ಇನ್ನೊಬ್ರ ಕೂಡ್ತಾರ" ಅನ್ನುತ್ತಿದ್ದ. ಜನ ಬೈಯುತ್ತಲೇ ಸರಿಯುತ್ತಿದ್ದರು.

ಮಾವ ಹೃದಯ ನಿಂತು ಹೋದ. ಜೀಪು ಗುಜರಿಗೆ ಹೋಯಿತು. ಮಗ, ಸೊಸೆ, ಮೊಮ್ಮಕ್ಕಳು ಇರುವ ತುಂಬಿದ ಮನೆಯಲ್ಲಿ ಅಕ್ಕ ಒಳಗಿನ ಕೋಣೆ ಹಿಡಿದಳು. ಮದುವೆಗೆ ಕರೆದರೆ ಇಲ್ಲ, ತವರಿಗೆ ಕರೆದರೆ ಇಲ್ಲ. ಬಸ್ಸು, ಆಟೋ ಯಾವುದನ್ನೂ ಹತ್ತುತ್ತಿರಲಿಲ್ಲ. ಮೊದಲು ಜೀಪಿನ ಹಾರ್ನು ಕೇಳಿದರೆ ಒಲೆಯ ಮೇಲಿನ ರೊಟ್ಟಿ ಬಿಟ್ಟು ಅಂಗಳಕ್ಕೆ ಬರುತ್ತಿದ್ದವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು. ನನಗೆ ಹೆದರಿಕೆಯಾಗಿತ್ತು. ಹೋದವರ ಜೊತೆಗೇ ಹೊರಟುಬಿಡುವವರನ್ನು ನಾನು ಕಂಡಿದ್ದೆ.

ಮಾವನ ಜೀಪನ್ನು ಕಟ್ಟಿ ಅವಳ ಕೈಗೆ ಕೊಟ್ಟರೆ ಹೇಗೆ ಎಂದು ಮೆಹಬೂಬನಿಗೆ ಹೇಳಿದೆ. ದಿನಾ ಅದೇ ಜೀಪಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದವನು. ಎರಡನೆಯ ಮಾತು ಆಡಲಿಲ್ಲ. ಹಳೆಯ ಮದುವೆ ಫೋಟೋದ ಮೂಲೆಯಲ್ಲಿ ಕಾಣುವ ಅರ್ಧ ಜೀಪೇ ನಮಗೆ ಆಧಾರ. ಒಂದು ಆಟಿಕೆಯ ಮೂತಿ ಕೊಯ್ದೆವು, ಇನ್ನೊಂದರ ಬೆನ್ನು ಉದ್ದ ಮಾಡಿದೆವು, ಸಂದಿಗೆ ಕಣಕದಂಥ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಜ್ಜಿದೆವು. ಮೇಲಿನ ಕ್ಯಾರಿಯರಿನ ಬಲೆಗೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ಪರದೆಯ ಚೂರು. ಬಂಪರಿನ ನೆಗ್ಗು, ಎಡಗಡೆಯ ತುಕ್ಕು, ಹಿಂದಿನ ತಾಡಪತ್ರಿಯ ತೇಪೆ, ನಂಬರು ಎಲ್ಲವೂ ಬಂತು. ಮುಗಿದ ದಿನ ಇಬ್ಬರೂ ಅದರ ಮುಂದೆ ಕೂತು ಚಹಾ ಕುಡಿದೆವು. ನಮ್ಮ ಮೇಲೆ ನಮಗೇ ಬಹಳ ಅಭಿಮಾನ ಬಂದಿತ್ತು.

ತಿಕೋಟಾಕ್ಕೆ ಒಯ್ದು ಅಕ್ಕನ ಮುಂದೆ ಇಟ್ಟೆವು. ಅವಳು ಕೈಯಲ್ಲಿ ಎತ್ತಿಕೊಂಡು ಎಲ್ಲ ಕಡೆಯಿಂದ ನೋಡಿದಳು. ನೆಗ್ಗಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೆಳಗಿಟ್ಟಳು.

"ಚಂದ ಮಾಡೀರಿ. ಆದ್ರ ಇದು ನಮ್ಮ ಗಾಡಿ ಅಲ್ಲ."

ನಾನು ನಂಬರು ತೋರಿಸಿದೆ, ತೇಪೆ ತೋರಿಸಿದೆ. ಮೆಹಬೂಬ ಅಳತೆಯ ಲೆಕ್ಕ ಹೇಳಲು ಹೊರಟ. ಅಕ್ಕ ಅವನ ಕಡೆ ನೋಡದೆ ನನಗೆ ಅಂದಳು: "ನಮ್ಮ ಗಾಡಿ ಖಾಲಿ ನಿಂತದ್ದು ನಾ ಒಂದಽ ದಿನ ನೋಡೇನಿ ತಮ್ಮಾ. ಗುಜರಿಯವ್ರು ಒಯ್ಯಾಕ ಬಂದ ದಿನ."

ನಮ್ಮಂಥ ಹುಚ್ಚರು ಮಾತ್ರ ಮಾಡುವ ತಪ್ಪು ಅದು. ಈ ಹವ್ಯಾಸದವರ ಗಾಡಿಗಳನ್ನು ನೋಡಿ, ಎಲ್ಲವೂ ಖಾಲಿ ಇರುತ್ತವೆ. ಸೀಟಿನ ಹೊಲಿಗೆ ಇರುತ್ತದೆ, ಕೂತವರು ಇರುವುದಿಲ್ಲ. ತಿಂಗಳುಗಟ್ಟಲೆ ಕೂತು ನಾವು ಅವಳಿಗೆ ಅದೇ ಒಂದು ದಿನವನ್ನು ಕಟ್ಟಿಕೊಂಡು ಹೋಗಿದ್ದೆವು. ಬಸ್ಸು ಹತ್ತಿ ಮರಳಿದೆವು. ತೊರವಿ ದಾಟಿದ ಮೇಲೆ ಮೆಹಬೂಬ, "ಮಂದಿ ಮಾಡೂಣು ಸಾವಕಾರ್ರ" ಅಂದ.

ಮಾಡಿದೆವು. ಪುಟ್ಟಿಯಲ್ಲಿ ನಾನು ಮಾಡಿದವರು ಬದನೆಕಾಯಿಗೆ ಕೈಕಾಲು ಬಂದಂತಿದ್ದರು. ಮೆಹಬೂಬ ಮಾಡಿದವರಿಗೆಲ್ಲ ಒಂದೇ ಮುಖ, ಅದೂ ಅವನದೇ ಮುಖ. ನಾಚುತ್ತಲೇ ಒಯ್ದು ತೋರಿಸಿದೆವು. ಅಕ್ಕ ಒಬ್ಬೊಬ್ಬರನ್ನೇ ಎತ್ತಿ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾವ ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಓಣಿಗೆಲ್ಲ ಮಣ್ಣಿನ ಎತ್ತು ಮಾಡಿಕೊಡುತ್ತಿದ್ದ ಕೈ ಅಕ್ಕನದು, ನಾನು ಮರೆತೇಬಿಟ್ಟಿದ್ದೆ. ಆ ಪುಟ್ಟಿ ಇಲ್ಲಿ ಬಿಟ್ಟು ಹೋಗಿ ಅಂದಳು.

ಮುಂದಿನ ಸಲ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಅಕ್ಕ ಮಾಡಿದ ಜನ ನಿಂತಿದ್ದರು. ಕೊಡೆ ಹಿಡಿದ ಮಾಸ್ತರು, ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಮುದುಕಿ, ಕ್ಯಾರಿಯರಿನ ಮೇಲೆ ಕಾಲು ಇಳಿಬಿಡುವವನು, ಹಿಂದೆ ಜೋತು ಬೀಳುವವರು. ಹೆಂಗಸರಿಗೆ ಇಳಕಲ್ ಸೀರೆಯ ಸೆರಗಿನ ಚೂರು ಉಡಿಸಿದ್ದಳು. ಮೆಹಬೂಬ ಸ್ಕೇಲು ಹಿಡಿದು ನೋಡಿ, ಎಲ್ಲರೂ ಅಳತೆಗಿಂತ ದೊಡ್ಡವರಾದರು, ಅರ್ಧ ಜನ ಒಳಗೆ ಕೂಡುವುದಿಲ್ಲ ಅಂದ. ಖರೆ ಜೀಪಿನಲ್ಲೂ ಯಾರೂ ತಾವಾಗಿ ಕೂಡುತ್ತಿರಲಿಲ್ಲ, ಕೂಡಿಸಬೇಕಾಗುತ್ತಿತ್ತು ಎಂದಳು ಅಕ್ಕ. ಕಷ್ಟಪಟ್ಟು ಮಾಡಿದ್ದ ಹಿಂದಿನ ಸೀಟುಗಳನ್ನು ಕಿತ್ತು ಜಾಗ ಮಾಡಿದೆವು. ನನ್ನ ಬದನೆಕಾಯಿಯೊಬ್ಬನಿಗೂ ಹಿಂದೆ ನಿಲ್ಲಲು ಅನುಮತಿ ಸಿಕ್ಕಿತು.

ಕುಪ್ಪಸ, ರುಮಾಲುಗಳಿಗೆ ನಾನು ಒಯ್ದ ಉಗುರುಬಣ್ಣ ಅವಳಿಗೆ ಒಪ್ಪಲಿಲ್ಲ. ಮೂರು ಸಲ ಒಯ್ದೆ, ಮೂರು ಸಲ ಬೇಡ ಅಂದಳು. ಕೊನೆಗೆ ಒಂದು ದಿನ ನಮ್ಮ ಅಂಗಡಿಯ ಮುಂದೆ ತಾನೇ ನಿಂತಿದ್ದಳು. ಬಸ್ಸು ಹತ್ತಿ ಬಂದಿದ್ದಳು, ಜೊತೆಗೆ ಸೊಸೆ. ಮಾತಾಡಿದರೆ ಅತ್ತುಬಿಡುತ್ತೇನೆಂದು ನಾನು ಶೀಶೆಗಳನ್ನು ಸಾಲಾಗಿ ಇಡುತ್ತ ಹೋದೆ.

ಆಮೇಲೆ ಅವಳು ಬರುತ್ತಲೇ ಇದ್ದಾಳೆ. ಆದರೆ ಒಂದು ಜಾಗ ಹಾಗೆಯೇ ಉಳಿದಿತ್ತು. ಡ್ರೈವರ್ ಸೀಟಿನಲ್ಲಿ ಒಬ್ಬ ಗಿರಾಕಿ ಸರಿದು ಕೂತಿದ್ದ, ಅವನ ಪಕ್ಕದಲ್ಲಿ ಸ್ಟೇರಿಂಗಿನ ಹಿಂದೆ ಯಾರೂ ಇರಲಿಲ್ಲ. ಅಷ್ಟೂ ಜನ ಡ್ರೈವರನಿಗಾಗಿ ಕಾಯುತ್ತಿದ್ದರು. ನಾನೂ ಮೆಹಬೂಬನೂ ಅದರ ಮಾತೆತ್ತಲಿಲ್ಲ. ಮಾವನನ್ನು ಮಾಡುವುದೆಂದರೆ ಅಕ್ಕನಿಗೆ ಏನೆಂದು ನಮಗೆ ಗೊತ್ತಿತ್ತು. ಮಾಡಲಾರದೆ ಮತ್ತೆ ಒಳಗಿನ ಕೋಣೆಗೆ ಹೋಗಿಬಿಟ್ಟಾಳು ಎಂಬ ಭಯವೂ ಇತ್ತು.

ಇವತ್ತು ಬೆಳಿಗ್ಗೆ ಬಂದ ಆ ಹುಡುಗಿ ಉಗುರುಬಣ್ಣ ಕೊಂಡು ಹೋದಳು. ಹೇಳಿದ ಬಸ್ಸಿಗೇ ಅಕ್ಕ ಬಂದಳು, ಒಬ್ಬಳೇ. ಕೌಂಟರಿನ ಆಚೆಯೇ ನಿಂತು, ಸೆರಗಿನ ಗಂಟು ಬಿಚ್ಚಿ, ಹತ್ತಿಯಲ್ಲಿ ಸುತ್ತಿದ್ದನ್ನು ನನ್ನ ಅಂಗೈಯಲ್ಲಿ ಇಟ್ಟಳು. ಮಾವ. ಬಣ್ಣ ಇನ್ನೂ ಹಚ್ಚಿರಲಿಲ್ಲ. ಸೊಂಟ ಓರೆ, ಒಂದು ಕಾಲು ಹೊರಗೆ, ಕತ್ತು ಹಿಂದಕ್ಕೆ ತಿರುಗಿತ್ತು. ಕಣ್ಣು ತುಂಬಿ ಬಂತು. ಏನಾದರೂ ಕೇಳಬೇಕಲ್ಲ ಎಂದು, ಹಿಂದೆ ಏನು ನೋಡುತ್ತಿದ್ದಾನೆ ಎಂದು ಕೇಳಿದೆ.

"ಇನ್ನೂ ಯಾರರೆ ಉಳದಾರೇನ ಅಂತ ನೋಡಾಕತ್ತಾರ."

ಅಂಗಿಗೆ ಬಿಳಿ ಬೇಡ, ಮಾಸಿದ ಬಿಳಿ ಬೇಕು ಎಂದು ಹೇಳಿ, ಕೌಂಟರಿನ ಹಲಗೆ ಎತ್ತಿ ಒಳಗೆ ಬಂದಳು. ಅಲ್ಲಿ ಇರುವುದು ಒಂದೇ ಸ್ಟೂಲು. ಅದು ನನ್ನೊಬ್ಬನಿಗೇ ಸಾಲುವುದಿಲ್ಲ.

"ಜರಾ ಸರಿ ತಮ್ಮಾ. ನಾನೂ ಕೂಡ್ತೇನಿ."

ನಾನು ಸರಿದೆ. ಅರ್ಧ ಮೈ ಹೊರಗೆ ಹಾಕಿಕೊಂಡು ಕೂತೆ.