ಕರೆದರೆ ತಿರುಗಿ ನೋಡುತ್ತಾನೆಯೇ?

ನನಗೆ ಮ್ಯಾಂಡರಿನ್ ಬರುವುದಿಲ್ಲ. ಅದನ್ನು ದಿನಕ್ಕೆ ಹತ್ತು ಸಲ ನೆನಪಿಸುತ್ತಿದ್ದವರು ತಂಡದ ಮುಖ್ಯಸ್ಥರು, ನಮ್ಮ ಬೆಂಗಳೂರಿನವರೇ. ಪುಟ್ಟ ಮಕ್ಕಳಲ್ಲಿ ಆಟಿಸಂನ ಸುಳಿವು ಹುಡುಕುವ ಇಂಗ್ಲಿಷ್ ಪ್ರಶ್ನಾವಳಿಯನ್ನು ಸಿಂಗಾಪುರದಲ್ಲಿ ಮ್ಯಾಂಡರಿನ್ ಮಾತಾಡುವ ಮನೆಗಳಿಗೆ ಹೊಂದಿಸುವುದು ನಮ್ಮ ಕೆಲಸ. ಅನುವಾದ ಮಾಡಿದ್ದು ಚೀನೀ ಸಹೋದ್ಯೋಗಿ. ಬಂದ ಉತ್ತರಗಳನ್ನು ಕಂಪ್ಯೂಟರಿಗೆ ತುಂಬುವವಳು ನಾನು.

ತುಂಬುತ್ತಾ ತುಂಬುತ್ತಾ ಒಂದು ಪ್ರಶ್ನೆ ತಲೆ ಕೆಡಿಸಿತು. ‘ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುತ್ತದೆಯೇ?’ ಅಜ್ಜಿಯರು ತುಂಬಿದ ಫಾರಂಗಳಲ್ಲಿ ‘ಇಲ್ಲ’ ಸಿಕ್ಕಾಪಟ್ಟೆ. ಸಹೋದ್ಯೋಗಿಯನ್ನು ಕೇಳಿದರೆ ನಕ್ಕು, ಮಾತಿನ ಕೊನೆಗೆ ‘ಲಾ’ ಸೇರಿಸುವ ಸಿಂಗಾಪುರದ ಇಂಗ್ಲಿಷಿನಲ್ಲಿ ಹೇಳಿದಳು.

“ಮನೇಲಿ ಹೆಸರು ಹಿಡಿದು ಯಾರು ಕರೀತಾರೆ ಲಾ? ಹುಡುಗ ಆದ್ರೆ ತಮ್ಮ, ಹುಡುಗಿ ಆದ್ರೆ ತಂಗಿ, ಅಷ್ಟೇ.”

ನನಗೆ ಮೈಸೂರಿನ ಶಾಲೆಯ ಮೊದಲ ದಿನ ನೆನಪಾಯಿತು. ಹಾಜರಿ ಕೂಗಿದಾಗ ನಾನು ಬಾಯೇ ಬಿಡಲಿಲ್ಲ. ಮನೆಯಲ್ಲಿ ಪಾಪು ಆಗಿದ್ದವಳಿಗೆ ಆ ಉದ್ದನೆಯ ಹೆಸರು ಯಾರದೆಂದು ಹೇಗೆ ಗೊತ್ತಾಗಬೇಕು?

ಸೀದಾ ಹೋಗಿ ಮುಖ್ಯಸ್ಥರ ಮುಂದೆ ನಿಂತೆ.

“ಸಾರ್, ಈ ಕ್ವೆಶ್ಚನ್ ಚೇಂಜ್ ಮಾಡ್ಬೇಕು.”

“ಒಂದ್ ವರ್ಡ್ ಚೇಂಜ್ ಆದ್ರೂ ಒರಿಜಿನಲ್ ಜೊತೆ ಕಂಪೇರ್ ಮಾಡಕ್ಕಾಗಲ್ಲ. ನಿಮಗೆ ಮ್ಯಾಂಡರಿನ್ನೇ ಬರಲ್ವಲ್ಲ ಮೇಡಂ?”

“ಅಜ್ಜೀರು ಗೊತ್ತು ಸಾರ್. ನಿಮ್ಮನ್ನ ಮನೇಲಿ ಏನಂತ ಕರೀತಿದ್ರು?”

ಅವರು ಕನ್ನಡಕ ಒರೆಸಿಕೊಂಡರು. ಯಾವುದೋ ಪುಟ್ಟುವೋ ಬುಜ್ಜಿಯೋ ಇರಬೇಕು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ನನಗೆ ಮೈಯೆಲ್ಲ ಉರಿಯಿತು.

ಮರುವಾರ ಟೋವಾ ಪಾಯೋ ಬಡಾವಣೆಯ ಕ್ಲಿನಿಕ್ಕಿಗೆ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗನನ್ನು ಕರೆತಂದರು. ಮುಖ್ಯಸ್ಥರೂ ಕೋಣೆಯಲ್ಲಿದ್ದರು. ಸಹೋದ್ಯೋಗಿ ಆ ಪ್ರಶ್ನೆ ಓದಿ, ಫಾರಂನಲ್ಲಿದ್ದ ಹೆಸರಿನಿಂದಲೇ ಹುಡುಗನನ್ನು ಕರೆದಳು. ಅವನು ಸ್ಟ್ರೋಲರಿನ ಚಕ್ರ ತಿರುಗಿಸುತ್ತಲೇ ಇದ್ದ. ಅಜ್ಜಿಗೆ ಸಿಟ್ಟು ಬಂತು. ಆ ಹೆಸರಿನಿಂದ ಅವನನ್ನು ಯಾರೂ ಕರೆಯುವುದಿಲ್ಲ, ತಪ್ಪಿರುವುದು ನಿಮ್ಮ ಕಾಗದ, ಮಗು ಸರಿಯಾಗಿದೆ ಎನ್ನುತ್ತಾ ಚೀಲ ಎತ್ತಿಕೊಂಡರು; ಸಹೋದ್ಯೋಗಿ ಅದನ್ನು ನನಗೆ ಪಿಸುದನಿಯಲ್ಲಿ ಅನುವಾದಿಸಿದಳು. ಬಾಗಿಲು ದಾಟಿದರೆ ಅವರು ಮತ್ತೆ ಬರುವವರಲ್ಲ. ಹುಡುಗನನ್ನು ಯಾವ ಡಾಕ್ಟರಿಗೂ ತೋರಿಸುವವರಲ್ಲ.

ನಾನು ಎದ್ದು ಅಡ್ಡ ನಿಂತೆ. “ಆಂಟಿ, ನೀವು ಹೇಳಿದ್ದೇ ಸರಿ. ನೀವೇ ಕರೀರಿ, ಮನೇಲಿ ಕರೆಯೋ ಹಾಗೆ.” ಸಹೋದ್ಯೋಗಿ ಅದನ್ನು ಅವರಿಗೆ ದಾಟಿಸಿದಳು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. ಮಾಡಿಕೊಳ್ಳಲಿ. ಫಾರಂನ ಪ್ರಶ್ನೆಯ ಮೇಲೆ ಪೆನ್ನಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಮನೆಯಲ್ಲಿ ಕರೆಯುವ ಹಾಗೆ ಕರೆದರೆ’ ಎಂದು ಬರೆದೆ.

ಅಜ್ಜಿ ಬಗ್ಗಿ, ಊಟ ಮಾಡಿಸುವಾಗಿನ ದನಿಯಲ್ಲಿ, ‘ತಮ್ಮಾ’ ಎಂದು ಮ್ಯಾಂಡರಿನ್‌ನಲ್ಲಿ ಕರೆದರು. ಇನ್ನೊಮ್ಮೆ ಕರೆದರು. ಮೂರನೆಯ ಸಲ ದನಿ ನಡುಗಿತು. ಹುಡುಗ ಚಕ್ರದಿಂದ ಕಣ್ಣು ಎತ್ತಲಿಲ್ಲ.

“ಸೇಮ್ ಆನ್ಸರ್ ಅಲ್ವಾ ಮೇಡಂ?” ಎಂದರು ಮುಖ್ಯಸ್ಥರು, ಮೆಲ್ಲಗೆ.

“ಈಗ ಅಜ್ಜಿನೇ ಕರೆದು ನೋಡಿದಾರೆ ಸಾರ್.”

ಅಜ್ಜಿ ಚೀಲ ಕೆಳಗಿಟ್ಟು ಮತ್ತೆ ಕುರ್ಚಿಯಲ್ಲಿ ಕೂತರು. ಮೊಮ್ಮಗನನ್ನೇ ನೋಡುತ್ತಾ ಸಹೋದ್ಯೋಗಿಗೆ ಏನೋ ಹೇಳಿದರು. ಅವಳು ನನ್ನ ಕಡೆ ತಿರುಗಿದಳು.

“ಮುಂದಿನ ಪ್ರಶ್ನೆ ಕೇಳಿ ಅಂತಿದ್ದಾರೆ.”