ಗಸಗಸೆ ಪಾಯಸದ ಮಾರನೆಯ ದಿನ

ದಿನಾ ಕೆಲಸಕ್ಕೆ ಮುಂಚೆ ನಾನೊಂದು ಯಂತ್ರಕ್ಕೆ ಊದುತ್ತೇನೆ. ಇವಳು ಕುಡಿದಿಲ್ಲ ಎಂದು ಅದು ಒಪ್ಪಿದ ಮೇಲೆ ವಿಮಾನ ಮುಟ್ಟಬಹುದು. ರಿಪೇರಿ ಸರಿಯಾಗಿದೆ ಎಂದು ಕೊನೆಗೆ ಸಹಿ ಹಾಕುವವಳೂ ನಾನೇ. ಅಣ್ಣಾ ನಗರದ ನಮ್ಮ ಮನೆಯಲ್ಲಿ ಅತ್ತೆ ಇದನ್ನು ಸ್ಪ್ಯಾನರ್ ಕೆಲಸ ಎನ್ನುತ್ತಿದ್ದರು. ನೆಂಟರು ವಿಚಾರಿಸಿದರೆ, ಸೊಸೆ ಏರ್‌ಪೋರ್ಟಲ್ಲಿದಾಳೆ ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋಗುತ್ತಿದ್ದರು.

ನನ್ನ ಗಂಡನ ಹುಟ್ಟುಹಬ್ಬಕ್ಕೆ ಅತ್ತೆ ತಪ್ಪದೆ ಗಸಗಸೆ ಪಾಯಸ ಮಾಡುವರು. ಗಸಗಸೆ ಪ್ಯಾರೀಸ್ ಕಾರ್ನರ್‌ನ ಪೇಟೆಯಿಂದಲೇ ಬರಬೇಕು. ಅವನಿಗೆ ಅದೆಂದರೆ ಪ್ರಾಣ. ಆ ಸಲ ನಾನೂ ಎರಡು ಲೋಟ ಕುಡಿದು ಸೊಗಸಾಗಿ ನಿದ್ದೆ ಮಾಡಿದೆ.

ಮಾರನೆಯ ದಿನ ಮಾದಕದ್ರವ್ಯ ಪರೀಕ್ಷೆಗೆ ಕಂಪ್ಯೂಟರ್ ನನ್ನ ಹೆಸರು ಎತ್ತಿತು. ಮೂತ್ರ ಕೊಟ್ಟೆ. ಕಿಟ್ ಅಫೀಮು ಎಂದಿತು. ಗಸಗಸೆ ಅಫೀಮು ಗಿಡದ್ದೇ ಬೀಜ ಎಂಬುದು ನನಗೆ ಆಗ ನೆನಪಾಯಿತು. ಲ್ಯಾಬಿನ ವರದಿ ಬರುವವರೆಗೆ ವಿಮಾನ ಮುಟ್ಟುವಂತಿಲ್ಲ. ಲ್ಯಾಬೂ ಹೌದೆಂದರೆ ಸಹಿ ಹಾಕುವ ಹಕ್ಕೇ ಹೋಗುತ್ತದೆ. ನನಗೆ ತುಂಬ ಭಯವಾಯಿತು.

ವಿಷಯ ಕೇಳಿದ ಅತ್ತೆ ಬೆಳಿಗ್ಗೆ ನನ್ನ ಜೊತೆಗೇ ಆಟೋ ಹತ್ತಿದರು. ಕೈಯಲ್ಲಿ ಸಾಕ್ಷಿಗೆಂದು ಮಾಡಿದ ಪಾಯಸದ ಫ್ಲಾಸ್ಕ್. ನಮ್ಮ ಕಂಪನಿಯ ಡಾಕ್ಟರಿಗೆ ತಮಿಳಿನಲ್ಲೇ ಹೇಳಿದರು, ತಪ್ಪು ನನ್ನದು, ಬೇಕಾದರೆ ಕುಡಿದು ನೋಡಿ ಎಂದು. ಡಾಕ್ಟರು ಮುಚ್ಚಳ ತೆಗೆದು ವಾಸನೆ ನೋಡಿ, ಪರೀಕ್ಷೆಯ ಪಟ್ಟಿಯಲ್ಲಿ ತಮ್ಮ ಹೆಸರೂ ಇದೆ ಎಂದು ಮತ್ತೆ ಮುಚ್ಚಿದರು. ಪಾಯಸ ಸಾಕ್ಷಿಯಾಗುವುದಿಲ್ಲ, ಲ್ಯಾಬೇ ಹೇಳಬೇಕು ಎಂದರು.

ಹೊರಗಿನ ಕೋಣೆಯಲ್ಲಿ ಇಬ್ಬರೂ ಕೂತೆವು. ಕಿಟಕಿಯಾಚೆ ನಾನು ಅರ್ಧಕ್ಕೆ ಬಿಟ್ಟ ವಿಮಾನ ನಿಂತಿತ್ತು. ಅತ್ತೆ ಅದನ್ನೇ ನೋಡುತ್ತಿದ್ದರು.

"ನೀನು ಸಹಿ ಹಾಕ್ದೆ ಇದ್ರೆ?"

"ನಾನೋ ನನ್ನಂಥ ಇನ್ನೊಬ್ಬರೋ ಹಾಕೋವರೆಗೆ ಹಾರೋ ಹಾಗಿಲ್ಲ."

"ಎಷ್ಟು ಜನ ಹಿಡಿಸ್ತಾರೆ ಇದರಲ್ಲಿ?"

"ನೂರೆಂಬತ್ತು."

ಮನೆ ಸೇರಿದ ಮೇಲೆ ಅತ್ತೆ ಪಾಯಸ ಚೆಲ್ಲಿದರು. ಫ್ಲಾಸ್ಕನ್ನು ತೊಳೆದು ಬೋರಲು ಹಾಕಿದರು.

ವರದಿ ಬಂತು. ಸಿಕ್ಕಿದ್ದು ಊಟದಿಂದ ಬರಬಹುದಾದಷ್ಟೇ ಅಲ್ಪ ಪ್ರಮಾಣ. ಇನ್ನು ಗಸಗಸೆ ಮುಟ್ಟಬಾರದೆಂಬ ಸೂಚನೆಯೊಂದಿಗೆ ನನ್ನನ್ನು ಕೆಲಸಕ್ಕೆ ಬಿಟ್ಟರು.

ಮುಂದಿನ ಹುಟ್ಟುಹಬ್ಬಕ್ಕೆ ಅತ್ತೆ ಕಡಲೆಬೇಳೆ ಪಾಯಸ ಮಾಡಿದರು. ಗಂಡ ಪಾತ್ರೆಗೆ ಇಣುಕಿ ಮುಖ ಸಣ್ಣ ಮಾಡಿದ.

"ಗಸಗಸೆ ಇಲ್ವಾಮ್ಮಾ? ಬೇಡ ಅಂದ್ರೆ ಅವಳೊಬ್ಳು ಬಿಡ್ಲಿ."

"ಅವಳು ಸಹಿ ಹಾಕ್ದೆ ಇದ್ರೆ ವಿಮಾನ ನಿಂತ್ಹೋಗತ್ತೆ," ಎಂದರು ಅತ್ತೆ. "ನೀನು ಗಸಗಸೆ ಪಾಯಸ ಕುಡೀದೆ ಇದ್ರೆ ಏನೂ ನಿಲ್ಲಲ್ಲ. ಲೋಟ ಹಿಡಿ."