ಬಿಳಿ ಗೀರಿನ ಜೇಕು

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದೇನಿಲ್ಲ. ಅವಳು ಅಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಕೊರಟಗೆರೆ ಕಡೆಯವಳು. ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕುವಳು. ಆದರೂ ಮನೆಗೆ ಬಂದವರೆಲ್ಲ ಅವಳನ್ನೇ ಮಾತಾಡಿಸುವರು.

ಮಹಾರಾಜರ ಕಾಲ ಅದು. ನಮ್ಮ ಮನೆ ಮಧುಗಿರಿ ಬೆಟ್ಟದ ಬುಡಕ್ಕೆ. ಹಿತ್ತಿಲಿಗೆ ಬೆಳಗ್ಗೆ ಹೊಂಗೆ ಮರದ ನೆರಳು, ಮಧ್ಯಾಹ್ನ ದಾಟಿದರೆ ಬೆಟ್ಟದ್ದು. ಬಚ್ಚಲ ನೀರು ಹರಿಯುವ ಕಡೆ, ಊರೆಲ್ಲ ಒಣಗಿದರೂ ಒಂದು ಚಾಪೆಯಗಲ ನೆಲ ತಂಪಾಗಿರೋದು. ಅಲ್ಲಿ ನಾನು ಒಂದೆಲಗ ಹಾಕಿದ್ದೆ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಮಿಕ್ಕದ್ದೆಲ್ಲ, ಉಪ್ಪಿನ ಮಡಕೆ ಸಮೇತ, ಅತ್ತೆಯದು.

ವಾರಗಿತ್ತಿಯ ಅಣ್ಣ, ಇಂಗ್ಲಿಷ್ ದೊರೆಗಳು ಇಳಿದುಕೊಳ್ಳುವ ಬಂಗಲೆಯಲ್ಲಿ ಮಾಲಿ. ಒಂದು ದಿನ ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ಹುಲ್ಲಿನ ಬುಡ ತಂದುಕೊಟ್ಟ. ನೋಡಿದರೆ ನಮ್ಮ ಕೆರೆಯಂಚಿನ ಜೇಕಿನ ಜಾತಿ. ಆದರೆ ಎಲೆಎಲೆಗೂ ಉದ್ದಕ್ಕೆ ಬಿಳಿ ಗೀರು. ಬಿಸಿಲು ಆಗದು, ನೆರಳಲ್ಲಿ ಇಟ್ಟರೆ ವರ್ಷಪೂರ್ತಿ ಬಾಡದು ಅಂದ. ನಮ್ಮ ಮನೆಯಲ್ಲಿ ನೆರಳೂ ತೇವವೂ ಎಲ್ಲಿದೆ? ನನ್ನ ಒಂದೆಲಗ ಇದ್ದ ಕಡೆಯೇ.

"ಅಕ್ಕ, ಒಂದು ಮೂಲೆ ಸಾಕು" ಅಂದಳು.

"ತಿನ್ನಕ್ಕಾ, ಮುಡಿಯಕ್ಕಾ ಅದು?"

"ನೋಡಕ್ಕೆ."

"ನೋಡಕ್ಕೆ ನಿನ್ನ ಗಂಡ ಇಲ್ವಾ? ಬುಡು ಅತ್ಲಾಗೆ."

ನಕ್ಕಳು. ನಗುತ್ತಲೇ ನೆಟ್ಟಳು. ಆಮೇಲೆ ಕೆಂಡ ಕೇಳಲು ಬಂದ ಹೆಂಗಸರೆಲ್ಲ ಹಿತ್ತಿಲಿಗೆ ಒಂದು ಸುತ್ತು ಬರೋರು. "ಏನ್ ಚೆಂದ ಕಣಮ್ಮ, ಬಣ್ಣ ಬಳಿದಂಗೆ ಐತೆ!" ಬಾವಿಯಿಂದ ನೀರು ಸೇದಿ ಬಚ್ಚಲು ತುಂಬುವವಳು ನಾನು, ಆ ನೀರು ಕುಡಿದು ಬೆಳೆದ ಹುಲ್ಲಿಗೆ ಹೆಸರು ಅವಳದ್ದು. ಹುಲ್ಲು ಅಗಲವಾದಷ್ಟೂ ನನ್ನ ಒಂದೆಲಗ ಗೋಡೆಗೆ ಒತ್ತಿಕೊಂಡಿತು. ಒಂದು ದಿನ ಇಬ್ಬರೂ ಬಾಯಿಗೆ ಬಾಯಿ ಕೊಟ್ಟೆವು. ಅತ್ತೆ ಬೀಸುವ ಕಲ್ಲು ಬಿಟ್ಟು ಎದ್ದು ಬಂದರು.

"ಬಾಯಿ ಮುಚ್ಚಿ ಇಬ್ರೂ. ಲೇ ಚಿಕ್ಕೋಳೆ, ಆ ಬುಡ ಸೀಳಿ ಅರ್ಧ ಇವಳಿಗೆ ಕೊಡು. ಮಳೆ ಬೀಳೋ ಹೊತ್ಗೆ ಯಾರ ಹುಲ್ಲು ಚೆಂದಾಗಿರ್ತದೋ ಹಿತ್ತಿಲು ಅವಳ್ದು. ಇನ್ನೊಬ್ಬಳು ಆ ಕಡೆ ತಲೆ ಹಾಕಂಗಿಲ್ಲ."

ನನಗೆ ಒಳಗೊಳಗೇ ಸಂತೋಷ. ನಾನು ಶಿರಾ ಕಡೆ ಹೊಲ ಮಾಡುವ ಮನೆಯಲ್ಲಿ ಹುಟ್ಟಿದವಳು. ಪೈರು ಸಾಕುವುದನ್ನು ನನಗೆ ಯಾರು ಹೇಳಿಕೊಡಬೇಕು? ಮಂದೆಯವರಿಂದ ಕುರಿ ಹಿಕ್ಕೆ ಕೇಳಿ ತಂದು ಪುಡಿ ಮಾಡಿ ಬುಡಕ್ಕೆ ಹಾಕಿದೆ. ನಮ್ಮ ಜೋಳದ ಹೊಲದಲ್ಲಿ ಬಿಳಿ ಗೀರು ಬಿದ್ದ ಸಸಿ ಕಂಡರೆ ರೋಗದ್ದು ಅಂತ ಕಿತ್ತು ಬದುವಿನಾಚೆ ಎಸೆಯುತ್ತಿದ್ದೆವು, ಕಡುಹಸಿರಿನದ್ದನ್ನು ಉಳಿಸುತ್ತಿದ್ದೆವು. ಇಲ್ಲೂ ಅದೇ ಮಾಡಿದೆ. ತೀರಾ ಬೆಳ್ಳಗೆ, ಸಣಕಲಾಗಿ ಬಂದ ಎಲೆ ಕಿತ್ತೆ, ದಪ್ಪಗೆ ಹಸಿರಾಗಿ ಎದ್ದದ್ದನ್ನು ಬಿಟ್ಟೆ. ಮೊದಲು ಬುಡ ಬಲವಾಗಲಿ, ಗೀರು ಜಾತಿಯಲ್ಲೇ ಇದೆ, ಎಲ್ಲಿ ಹೋಗುತ್ತದೆ ಅಂದುಕೊಂಡೆ.

ಅವಳು ನೋಡಿದರೆ ತಿರುವುಮುರುವು. ಕುಕ್ಕರುಗಾಲಲ್ಲಿ ಕೂತು ಹಸಿರು ಹಸಿರಾದ್ದನ್ನೇ ಹುಡುಕಿ ಬುಡದಿಂದ ಕೀಳುವಳು. ಗೊಬ್ಬರವನ್ನೂ ಹಾಕಲಿಲ್ಲ. ಗಟ್ಟಿ ಕುಡಿಗಳನ್ನೇ ಕೀಳುತ್ತಾಳಲ್ಲ ಪೆದ್ದಿ ಅಂದುಕೊಂಡೆ, ತುಟಿ ಬಿಚ್ಚಲಿಲ್ಲ. ಯಾಕೆ ಬಿಚ್ಚಲಿ?

ಬೇಸಿಗೆ ಕಳೆಯುವ ಹೊತ್ತಿಗೆ ನನ್ನದು ಮೊಣಕಾಲೆತ್ತರ, ಪೊದೆ. ಅವಳದ್ದು ಗೇಣುದ್ದ. ಮೊದಲ ಮಳೆ ಬಿದ್ದ ಬೆಳಗ್ಗೆ ಅತ್ತೆಯನ್ನು ನಾನೇ ಕರೆದುಕೊಂಡು ಹೋದೆ.

ಅತ್ತೆ ನನ್ನ ಪೊದೆಯನ್ನು ಕೈಯಲ್ಲಿ ಸರಿಸಿ ನೋಡಿದರು. "ಗೀರೆಲ್ಲೇ?"

ನಾನೂ ಬಗ್ಗಿ ಹುಡುಕಿದೆ. ಒಂದು ಎಲೆಯಲ್ಲೂ ಇಲ್ಲ.

"ಇದು ಕೆರೆ ಜೇಕು ಕಣೇ ದೊಡ್ಡೋಳೆ. ಇದನ್ನ ಸಾಕಕ್ಕೆ ಕುರಿ ಹಿಕ್ಕೆ ಬೇರೆ!"

"ಇವಳು ಬೇಕಂತಲೇ ಕೆಟ್ಟ ಅರ್ಧ ಕೊಟ್ಟವ್ಳೆ!" ಅಂತ ಕೂಗಿದೆ.

ವಾರಗಿತ್ತಿ ತನ್ನ ಬುಡದಿಂದ ಒಂದು ಹಸಿರು ಕುಡಿ ಕಿತ್ತು ತೋರಿಸಿದಳು. "ನಂದ್ರಲ್ಲೂ ಬತ್ತದೆ ಅಕ್ಕ. ಇದಕ್ಕೆ ಜೋರು ಜಾಸ್ತಿ. ಕೀಳದೆ ಬುಟ್ರೆ ಗೀರಿಂದನ್ನ ನುಂಗ್ಬುಡ್ತದೆ. ಅಣ್ಣ ಹೇಳಿದ್ದ."

"ನಂಗ್ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಪೈರು ನಂಗೆ ಗೊತ್ತು ಅಂತಿದ್ದೆ."

ಹಿತ್ತಿಲು ಅವಳದಾಯಿತು. ಅತ್ತೆ ಆಡಿದ ಮಾತು ತಿರುಗಿಸುವವರಲ್ಲ. ವಾರಗಿತ್ತಿ ಜಗಳವಾಡಿ ಓಡಿಸುತ್ತಾಳೆ ಅಂತ ಕಾದೆ, ಅದೂ ಇಲ್ಲ. ನಾನು ಬಚ್ಚಲ ಬಾಗಿಲಲ್ಲಿ ನಿಂತರೆ ಅವಳೇ ಒಂದೆಲಗ ಕಿತ್ತು ತಂದು ಮಡಿಲಿಗೆ ಹಾಕುವಳು. ಕೊಡಲ್ಲ ಅಂದಿದ್ದರೆ ಕೂದಲು ಹಿಡಿದು ಜಗಳವಾದರೂ ಆಡಬಹುದಿತ್ತು.

ಕೊನೆಗೆ ಇನ್ನೊಂದು ತುಂಡು ಬುಡ ಸೀಳಿ ಕೊಟ್ಟಳು. ಇಸಕೊಂಡೆ, ಬೇಡ ಅನ್ನಲಿಲ್ಲ. ಒಡೆದ ಮಡಕೆಯಲ್ಲಿ ನೆಟ್ಟು ಜಗಲಿಯ ಒಳಮೂಲೆಗೆ, ಬಿಸಿಲು ಬಾರದ ಕಡೆ ಇಟ್ಟೆ. ಹಸಿರು ಕಂಡಾಗೆಲ್ಲ ಕಿತ್ತೆ. ಚೆನ್ನಾಗೇ ಬಂತು, ಅವಳದ್ದಕ್ಕಿಂತ ಚೆನ್ನಾಗಿ. ಬೀದಿಯವರು ನಿಂತು ನೋಡಿ, "ನಿಮ್ಮ ವಾರಗಿತ್ತಿ ಕೊಟ್ಟಿದ್ದಾ? ಅವಳ ಕೈಗುಣ ದೊಡ್ಡದು ಬುಡಮ್ಮ" ಅನ್ನೋರು. ಹೂಂ ಅಂದು ಒಳಗೆ ಹೋಗುತ್ತಿದ್ದೆ.